ಸುದ್ದಿ ಮನಿಗೇ ಬರತದ, ನೀವ್ಯಾಕ ಅಲೀತೀರಿ?

ಹುಬ್ಬಳ್ಳಿ-ಧಾರವಾಡದ ಮಂದಿಗೆ ಸುದ್ದಿ ಇಲ್ಲದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ದುರ್ಗದಬೈಲಿನಲ್ಲಿ ಗಿರಮಿಟ್ಟಿನ ಪ್ಲೇಟು ಕೈಗೆ ಬರುವ ಮೊದಲೇ ‘ಮತ್ತೇನ್ರಿ ವಿಶೇಷ?’ ಕೇಳಿ ಮುಗಿದಿರುತ್ತದೆ. ಚಿಗರಿ ಬಸ್ಸು ಹೊಸೂರು ಬಿಟ್ಟು ಉಣಕಲ್ ಕೆರೆ ಮುಟ್ಟುವುದರೊಳಗೆ, ಪಕ್ಕದ ಸೀಟಿನವರ ಮಗಳಿಗೆ ನೋಡಿದ ವರ ಯಾವ ಊರಿನವನು, ಪಗಾರ ಎಷ್ಟು, ಹೊಲ ಎಷ್ಟು ಎಕರೆ ಎಂಬುದೆಲ್ಲ ನಮಗೆ ತಿಳಿದಿರುತ್ತದೆ. ಹೆಚ್ಚೆಂದರೆ ನವನಗರ ಬರಬೇಕು, ಅಷ್ಟೇ. ಇಷ್ಟು ಚುರುಕಾದ ಮಂದಿ ಇಂಟರ್ನೆಟ್ಟಿನ ಮುಂದೆ ಕೂತ ಕೂಡಲೇ ಹೀಗೇಕೆ ಮಂಕಾಗುತ್ತಾರೆ? ಊರ ಸುದ್ದಿಯನ್ನೆಲ್ಲ ಕೂತಲ್ಲೇ ತರಿಸಿಕೊಳ್ಳುವವರು ಜಾಲತಾಣದ ಸುದ್ದಿಗೆ ಮಾತ್ರ ಒಂದೊಂದೇ ಬಾಗಿಲು ತಟ್ಟುತ್ತ ಅಲೆಯುತ್ತಾರಲ್ಲ!

ನಮ್ಮ ಓಣಿಯ ರಿಟಾಯರ್ಡ್ ಮಾಸ್ತರರನ್ನೇ ನೋಡ್ರಿ. ಬೆಳಗಿನ ಚಹಾ ಆದ ಮೇಲೆ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕೂಡುತ್ತಾರೆ. ಮೊದಲು ಒಂದು ಪೇಪರಿನ ಜಾಲತಾಣ, ಆಮೇಲೆ ಇನ್ನೊಂದು ಪೇಪರು. ಅದಾದ ಮೇಲೆ ಅವರು ಇಷ್ಟಪಡುವ ಇಬ್ಬರು ಮೂವರು ಲೇಖಕರ ಬ್ಲಾಗು. ಪಿಂಚಣಿಯ ಆದೇಶ ಏನಾದರೂ ಬಂತೋ ಎಂದು ಒಂದು ಇಲಾಖೆಯ ಪುಟ. ಠೇವಣಿಯ ಬಡ್ಡಿ ಏರಿತೋ ಇಳಿಯಿತೋ ಎಂದು ಬ್ಯಾಂಕಿನ ಪುಟ. ಆ ಬ್ಲಾಗಿನವರೋ ದೀಪಾವಳಿಗೊಂದು ಯುಗಾದಿಗೊಂದು ಬರೆಯುವ ಪೈಕಿ. ಮಾಸ್ತರರು ಮಾತ್ರ ದಿನಾ ಹೋಗಿ ಬಾಗಿಲು ನೋಡಿ ಬರುತ್ತಾರೆ. ‘ಇವತ್ತೂ ಏನೂ ಬರದಿಲ್ಲ ನೋಡು ಈ ಮನಷ್ಯಾ’ ಎಂದು ಬೈಯುತ್ತಾರೆ. ಒಳಗಿನಿಂದ ವೈನಿಯವರ ದನಿ ಬರುತ್ತದೆ: ‘ಬರದಿದ್ರ ನೀವೇನ್ ಓದವ್ರಿದ್ರಿ? ನಿನ್ನಿ ಪೇಪರ್ ಇನ್ನೂ ಮಡಿಕಿ ಬಿಚ್ಚಿಲ್ಲ.’

ಹುಡುಕುವ ರಗಳೆಯೇ ಬೇಡ ಅನ್ನುವವರದು ವಾಟ್ಸ್‌ಆ್ಯಪ್ ಪಂಥ. ಅಲ್ಲಿ ಸುದ್ದಿ ತಾನಾಗಿಯೇ ಬರುತ್ತದೆ, ಖರೆ. ಯಾವ ವರ್ಷದ ಸುದ್ದಿ ಎಂದು ಮಾತ್ರ ಕೇಳಬಾರದು. ‘ನಾಳೆ ದಿನವಿಡೀ ಕರೆಂಟ್ ಇರುವುದಿಲ್ಲ, ಎಲ್ಲರಿಗೂ ತಿಳಿಸಿ’ ಎಂದು ಒಂದು ಬರುತ್ತದೆ. ಓಣಿಯ ಹೆಣ್ಣುಮಕ್ಕಳೆಲ್ಲ ರಾತ್ರಿಯೇ ಹಿಟ್ಟು ರುಬ್ಬಿ, ಟ್ಯಾಂಕಿಗೆ ನೀರು ಏರಿಸಿ, ಮೊಬೈಲು ಚಾರ್ಜಿಗಿಟ್ಟು ಮಲಗುತ್ತಾರೆ. ಮರುದಿನ ಕರೆಂಟು ಒಂದು ಗಳಿಗೆಯೂ ಹೋಗುವುದಿಲ್ಲ. ಆ ‘ನಾಳೆ’ ಹೋದ ವರ್ಷದ ನಾಳೆ!

ಧಾರವಾಡದ ಸಪ್ತಾಪುರಕ್ಕೆ ಹೋದರೆ ಇದಕ್ಕಿಂತ ದೊಡ್ಡ ಸಂಕಟ ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಾಗಲಕೋಟೆ, ವಿಜಯಪುರ, ಗದಗ, ಬೆಳಗಾವಿ ಕಡೆಯಿಂದ ಬಂದ ಹುಡುಗ ಹುಡುಗಿಯರು ಕೋಣೆ ಹಿಡಿದು ಕೂತ ಜಾಗ ಅದು. ಅಲ್ಲಿ ಚಹಾದಂಗಡಿಯ ಮುಂದೆ ಒಬ್ಬ ಹುಡುಗ ಮೊಬೈಲಿನ ಪರದೆಯನ್ನು ಬೆರಳಿನಿಂದ ಕೆಳಗೆ ಎಳೆಯುತ್ತಲೇ ಇದ್ದ.

‘ಏನೋ ತಮ್ಮಾ, ಏನ್ ನೋಡಾಕತ್ತಿ?’

‘ನೋಟಿಫಿಕೇಶನ್ ಬಿಟ್ಟಾರೇನ್ ಅಂತ ನೋಡಾಕತ್ತೀನ್ರಿ ಸರ್.’

‘ಬಿಟ್ಟಾರೇನು?’

‘ಇಲ್ರಿ.’

‘ಮತ್ತ ಈಗ ಏನ್ ಮಾಡ್ತಿ?’

‘ಇನ್ನೊಮ್ಮೆ ನೋಡ್ತೀನ್ರಿ.’

ಈ ಮೂರೂ ಜಡ್ಡಿಗೆ ಔಷಧ ಒಂದೇ. ಅದೂ ಇಪ್ಪತ್ತೈದು ವರ್ಷ ದಾಟಿದ ಹಳೆಯ ಔಷಧ. ಹೆಸರು ಆರೆಸ್ಸೆಸ್.

ಹೆಸರು ಕೇಳಿದ ಕೂಡಲೇ ಅರ್ಧ ಮಂದಿ ಎದ್ದು ನಿಂತರು, ಇನ್ನರ್ಧ ಮಂದಿ ಎದ್ದು ಹೊರಟರು. ಎರಡೂ ಕಡೆಯವರು ಕೂತ್ಕೋರಿ. ನಾನು ಹೇಳುತ್ತಿರುವುದಕ್ಕೂ ನಾಗಪುರಕ್ಕೂ ನಂಟಿಲ್ಲ. ಇದು ಕ್ಯಾಲಿಫೋರ್ನಿಯಾದ ಸರಕು. ಜಾಲತಾಣದಲ್ಲಿ ಹೊಸದೇನಾದರೂ ಬಂದರೆ ಅದನ್ನು ನಿಮ್ಮ ಕೈಗೆ ತಂದು ಮುಟ್ಟಿಸುವ ಏರ್ಪಾಟು. ಮಂದಿ ಇದನ್ನು ಸುಮ್ಮನೆ ‘ಫೀಡ್’ ಅನ್ನುತ್ತಾರೆ. ನಾವೂ ಹಾಗೇ ಅನ್ನೋಣ, ಊರಾಗಿನ ಶಾಂತಿಗೆ ಒಳ್ಳೆಯದು.

1999ರ ಮಾರ್ಚಿನಲ್ಲಿ ನೆಟ್‌ಸ್ಕೇಪ್ ಕಂಪನಿಯವರು ಇದನ್ನು ಹೊರಗೆ ಬಿಟ್ಟರು. ಬೇರೆಬೇರೆ ಜಾಲತಾಣಗಳ ತಲೆಬರಹಗಳನ್ನೆಲ್ಲ ತಮ್ಮ ಒಂದೇ ಪುಟದಲ್ಲಿ ತೋರಿಸಬೇಕೆಂಬುದು ಅವರ ಆಸೆ. ಮೊದಲ ರೂಪ ಕಟ್ಟಿದವರಲ್ಲಿ ಮುಖ್ಯರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. ಸ್ವಲ್ಪ ದಿನದಲ್ಲೇ ಕಂಪನಿಗೆ ಇದರ ಮೇಲಿನ ಆಸೆ ಹೋಯಿತು. ಕೂಸು ದಿಕ್ಕಿಲ್ಲದಂತಾದಾಗ ಡೇವ್ ವೈನರ್ ಎಂಬವರು ಎತ್ತಿಕೊಂಡರು. ಅವರು ಎತ್ತಿಕೊಂಡ ರೀತಿ ಸರಿಯಿಲ್ಲ ಎಂದು ಇನ್ನೊಂದು ಗುಂಪು 2000ನೇ ಇಸವಿಯ ಡಿಸೆಂಬರಿನಲ್ಲಿ ಬೇರೆಯದೇ ರೂಪ ತಂದಿತು. ಆ ಗುಂಪಿನಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನೂ ಇದ್ದ, ಆರನ್ ಸ್ವಾರ್ಟ್ಜ್ ಎಂದು. ವೈನರ್ 2002ರಲ್ಲಿ ತಮ್ಮದೇ ಎರಡನೇ ಆವೃತ್ತಿ ತಂದರು. ಈ ಜಗಳವೇ ಬೇಡ ಎಂದು ಮತ್ತೊಂದಿಷ್ಟು ಮಂದಿ ಕೂಡಿ ‘ಆ್ಯಟಮ್’ ಎಂಬ ಮೂರನೆಯದನ್ನು ಮಾಡಿ 2005ರಲ್ಲಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿಸಿಕೊಂಡರು. ಆರೆಸ್ಸೆಸ್ ಎಂಬ ಮೂರಕ್ಷರಗಳ ಪೂರ್ಣರೂಪ ಏನು ಎಂಬುದಕ್ಕೇ ಮೂರು ಉತ್ತರಗಳಿವೆ. ಬಣ ಕಟ್ಟುವುದರಲ್ಲಿ ನಾವೇ ಮುಂದು ಎಂದು ಬೀಗುವ ನಮ್ಮ ಸಂಘ-ಸಂಸ್ಥೆಗಳು ಇದನ್ನು ಓದಿ ತಲೆ ತಗ್ಗಿಸಬೇಕು. ಓದುಗರಿಗೆ ಮಾತ್ರ ಈ ಜಗಳದ ಬಿಸಿ ತಟ್ಟುವುದಿಲ್ಲ; ಫೀಡ್ ಓದುವ ಆ್ಯಪ್‌ಗಳಿಗೆ ಎಲ್ಲ ಬಣದವರೂ ಒಂದೇ.

ಕೆಲಸ ನಡೆಯುವ ಬಗೆ ಬಹಳ ಸರಳ. ಜಾಲತಾಣದವರು ತಮ್ಮ ಒಂದು ಮೂಲೆಯಲ್ಲಿ ಸಣ್ಣ ಕಡತ ಇಟ್ಟಿರುತ್ತಾರೆ. ಇತ್ತೀಚೆಗೆ ಹಾಕಿದ ಬರಹಗಳ ತಲೆಬರಹ, ತಾರೀಖು, ಕೊಂಡಿ, ಎರಡು ಸಾಲಿನ ಸಾರಾಂಶ ಅದರಲ್ಲಿರುತ್ತವೆ; ಕೆಲವರು ಇಡೀ ಬರಹವನ್ನೇ ಇಟ್ಟಿರುತ್ತಾರೆ. ನಿಮ್ಮ ಫೀಡ್ ರೀಡರ್ ಆಗಾಗ ಹೋಗಿ ಆ ಕಡತ ನೋಡಿ, ಹೊಸದಿದ್ದರೆ ತಂದು ಪಟ್ಟಿಗೆ ಹಚ್ಚುತ್ತದೆ, ಇಲ್ಲದಿದ್ದರೆ ಸುಮ್ಮನೆ ಬರುತ್ತದೆ. ಮಾಸ್ತರರು ಬೆಳಿಗ್ಗೆ ಹಾಕುವ ಪ್ರದಕ್ಷಿಣೆಯನ್ನೇ ಅದು ಹಾಕುತ್ತದೆ, ಆದರೆ ಯಾರನ್ನೂ ಬೈಯುವುದಿಲ್ಲ.

ಧಾರವಾಡದವರು ಇದನ್ನು ಹೊಸ ವಿದ್ಯೆ ಎಂದು ಹೆದರಿದರೆ ನನಗೆ ನಗು ಬರುತ್ತದೆ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿ ಚಂದಾದಾರರನ್ನು ಕೂಡಿಸಿದ್ದು ಇದೇ ಊರಿನಲ್ಲಿ. ಚಂದಾ ಕೊಟ್ಟು ಹೆಸರು ಬರೆಸಿದರೆ ಪುಸ್ತಕ ಅಚ್ಚಾದಾಗ ಮನೆಗೆ ಬರುತ್ತಿತ್ತು. ಅಚ್ಚಾಯಿತೋ ಇಲ್ಲವೋ ಎಂದು ದಿನಾ ಸುಭಾಸ ರಸ್ತೆಯ ಗ್ರಂಥಮಾಲೆಯ ಅಟ್ಟ ಹತ್ತಿ ವಿಚಾರಿಸಬೇಕಾದ ಪ್ರಮೇಯ ಇರಲಿಲ್ಲ. (ಹತ್ತುತ್ತಿದ್ದರು, ಅದು ಮಾತ್ರ ಹರಟೆಗೆ.) ಅಜ್ಜಂದಿರು ಅಂಚೆಯ ಕಾಲದಲ್ಲಿ ಮಾಡಿದ್ದನ್ನು ಮೊಮ್ಮಕ್ಕಳು ಫೈಬರ್ ಕಾಲದಲ್ಲಿ ಮರೆತು ಕೂತಿದ್ದಾರೆ.

ಹುಬ್ಬಳ್ಳಿಯ ಪಾಲೂ ಇದೆ. 1956ರಲ್ಲಿ ಇಲ್ಲಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆಯಲ್ಲಿ ಪಾ.ವೆಂ. ಆಚಾರ್ಯರು ಜಗತ್ತಿನ ಎಲ್ಲೆಲ್ಲಿಯದೋ ವಿಷಯ ಹೆಕ್ಕಿ, ಸೋಸಿ, ಕನ್ನಡಿಗರ ಮುಂದಿಟ್ಟರು. ಸಾಲದ್ದಕ್ಕೆ ಲಾಂಗೂಲಾಚಾರ್ಯ ಎಂಬ ಹೆಸರಿನಲ್ಲಿ ಹರಟೆಯನ್ನೂ ಹೊಡೆದರು. ನೂರು ಕಡೆಯ ಸರಕನ್ನು ಒಬ್ಬರು ನೋಡಿ ಆರಿಸಿಕೊಡುವುದು ಸಂಪಾದಕರ ಕೆಲಸ. ಈಗ ನಮ್ಮ ಮೊಬೈಲಿನಲ್ಲೂ ಆರಿಸಿಕೊಡುವವರು ಇದ್ದಾರೆ. ಅದಕ್ಕೆ ಅಲ್ಗಾರಿದಮ್ ಎಂದು ಹೆಸರು. ಅದಕ್ಕೆ ಪಾ.ವೆಂ. ಅವರ ರುಚಿ ಇಲ್ಲ, ಸಂಕೋಚವಂತೂ ಮೊದಲೇ ಇಲ್ಲ. ಮಾಸ್ತರರು ಒಮ್ಮೆ ಮೊಳಕಾಲು ನೋವಿನ ವಿಡಿಯೋ ನೋಡಿದ್ದೇ ತಡ, ಎಣ್ಣೆ ಮಾರುವವರು, ಪಟ್ಟಿ ಮಾರುವವರು, ಕೀಲು ಬದಲಿಸುವವರು ಎಲ್ಲ ಸಾಲು ಹಚ್ಚಿ ನಿಂತುಬಿಟ್ಟರು. ಅವರು ಬಯಸಿದ್ದ ಸಾಹಿತ್ಯದ ಉಪನ್ಯಾಸ ಅದೇ ದಿನ ಬಂದಿತ್ತು. ಅದನ್ನು ತೋರಿಸಿದರೆ ಯಾರಿಗೂ ರೊಕ್ಕ ಹುಟ್ಟುವುದಿಲ್ಲವಲ್ಲ! ಫೀಡ್ ಹಚ್ಚಿಕೊಂಡವರಿಗೆ ಆ ಸಂಪಾದಕರ ಕುರ್ಚಿ ವಾಪಸು ಸಿಗುತ್ತದೆ. ಯಾವುದು ಬರಬೇಕು, ಯಾವುದು ಬರಬಾರದು ಎಂದು ಹೇಳುವವರು ನೀವೇ. ಬಂದದ್ದು ತಾರೀಖಿನ ಪ್ರಕಾರ ಸಾಲಾಗಿ ನಿಲ್ಲುತ್ತದೆ, ಯಾರ ಶಿಫಾರಸೂ ನಡೆಯುವುದಿಲ್ಲ.

ಇದನ್ನೆಲ್ಲ ಮಾಸ್ತರರಿಗೆ ಹೇಳಿದಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು.

‘ರೊಕ್ಕ ಎಷ್ಟು?’

‘ಪುಕ್ಕಟ ಅದ ರೀ ಮಾಸ್ತರ್ರ.’

‘ಪುಕ್ಕಟ ಅಂದ್ರ ಏನರ ಮಸಲತ್ತು ಇರತದ. ಓಟಿಪಿ ಕೇಳತದೇನು?’

‘ಕೇಳೂದಿಲ್ರಿ.’

‘ಆಧಾರ?’

‘ಇಲ್ರಿ.’

‘ಹಂಗಾರ ಅದು ಖರೇ ಇರೂದಿಲ್ಲ ಬಿಡು.’

ಅವರ ಸಂಶಯ ತಪ್ಪಲ್ಲ. ಹೆಸರು ಕೇಳದೆ, ನಂಬರು ಕೇಳದೆ ಏನನ್ನಾದರೂ ಕೊಡುವವರನ್ನು ನಾವು ಕಂಡು ಎಷ್ಟು ಕಾಲವಾಯಿತು! ಆದರೆ ಫೀಡಿನ ಸ್ವಭಾವವೇ ಹಾಗೆ. ಜಾಲತಾಣದವರಿಗೆ ನಿಮ್ಮ ಈಮೇಲ್ ಗೊತ್ತಾಗುವುದಿಲ್ಲ. ಸಾಕೆನಿಸಿದರೆ ನಿಮ್ಮ ಪಟ್ಟಿಯಿಂದ ಅಳಿಸಿದರೆ ಮುಗಿಯಿತು. ‘ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಾ?’ ಎಂದು ಅಳುವ ಪತ್ರ ಬರುವುದಿಲ್ಲ.

ಇನ್ನು ಹಚ್ಚಿಕೊಳ್ಳುವ ಬಗೆ. ಮೊದಲು ಒಂದು ರೀಡರ್ ಬೇಕು. ಆ್ಯಂಡ್ರಾಯ್ಡ್ ಫೋನಿನವರು ‘ಫೀಡರ್’ ಎಂಬ ಆ್ಯಪ್ ಹಾಕಿಕೊಳ್ಳಬಹುದು. ಖಾತೆ ತೆರೆಯುವ ಕೆಲಸವೂ ಇಲ್ಲ. ಐಫೋನಿನವರಿಗೆ ‘ನೆಟ್‌ನ್ಯೂಸ್‌ವೈರ್’ ಇದೆ, ಅದೂ ಪುಕ್ಕಟೆ. ಮನೆಯ ಕಂಪ್ಯೂಟರಿನಲ್ಲೂ ಬಸ್ಸಿನ ಮೊಬೈಲಿನಲ್ಲೂ ಒಂದೇ ಪಟ್ಟಿ ಬೇಕೆನ್ನುವವರಿಗೆ ‘ಫೀಡ್ಲಿ’, ‘ಐನೋರೀಡರ್’ ಇವೆ. ಇವಕ್ಕೆ ಖಾತೆ ಬೇಕು, ಪುಕ್ಕಟೆಯದಕ್ಕೆ ಒಂದು ಮಿತಿಯೂ ಇದೆ, ಆದರೆ ಹೊಸಬರಿಗೆ ಆ ಮಿತಿ ಧಾರಾಳವಾಯಿತು. ಕಂಪ್ಯೂಟರಿನಲ್ಲಿ ‘ಥಂಡರ್‌ಬರ್ಡ್’ ಹಾಕಿಕೊಂಡು ಈಮೇಲ್ ಓದುವವರು ಅದರಲ್ಲೇ ಫೀಡನ್ನೂ ಓದಬಹುದು.

ರೀಡರ್ ತೆರೆದು, ಫೀಡ್ ಸೇರಿಸುವ ಗುಂಡಿ ಒತ್ತಿ, ನಿಮಗೆ ಬೇಕಾದ ಜಾಲತಾಣದ ವಿಳಾಸ ಅಂಟಿಸಿ. ಫೀಡ್ ಎಲ್ಲಿದೆ ಎಂದು ಹುಡುಕುವ ಕೆಲಸ ಬಹುತೇಕ ಅದೇ ಮಾಡಿಕೊಳ್ಳುತ್ತದೆ. ಸಿಗದಿದ್ದರೆ ಪುಟದ ತಳದಲ್ಲಿ ಕಿತ್ತಳೆ ಬಣ್ಣದ ಚೌಕದೊಳಗೆ ಒಂದು ಚುಕ್ಕಿ, ಎರಡು ಕಮಾನು ಇರುವ ಗುರುತು ಇದೆಯೇ ನೋಡಿ. ಅದೂ ಇಲ್ಲವೇ? ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಜಾಲತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಬರೆದು ನೋಡಿ. ಕನ್ನಡದ ಎಷ್ಟೋ ಬ್ಲಾಗು, ವೆಬ್ ಪತ್ರಿಕೆಗಳು ಈ ವರ್ಡ್‌ಪ್ರೆಸ್‌ನಲ್ಲೋ ಬ್ಲಾಗ್‌ಸ್ಪಾಟ್‌ನಲ್ಲೋ ಇರುವಂಥವು. ಎರಡರಲ್ಲೂ ಫೀಡ್ ತಾನಾಗಿಯೇ ಹುಟ್ಟುತ್ತದೆ. ಎಷ್ಟೋ ಸಲ ಬರೆಯುವವರಿಗೇ ಅದು ಗೊತ್ತಿರುವುದಿಲ್ಲ.

ಯಾವುದನ್ನೆಲ್ಲ ಸೇರಿಸಬಹುದು ಎಂದು ಕೇಳಿದರೆ ಪಟ್ಟಿ ದೊಡ್ಡದಿದೆ. ಯೂಟ್ಯೂಬಿನ ಪ್ರತಿ ಚಾನೆಲ್ಲಿಗೂ ಫೀಡ್ ಇದೆ. ಚಾನೆಲ್ಲಿನ ವಿಳಾಸ ಅಂಟಿಸಿದರೆ ಹೊಸ ವಿಡಿಯೋ ಮಾತ್ರ ಬರುತ್ತದೆ, ಮೊಳಕಾಲಿನ ಎಣ್ಣೆ ಬರುವುದಿಲ್ಲ. ಬಡ್ಡಿಯ ಚಿಂತೆಯ ಮಾಸ್ತರರಿಗೆ ರಿಸರ್ವ್ ಬ್ಯಾಂಕಿನ ಪ್ರಕಟಣೆ, ಸುತ್ತೋಲೆಗಳ ಫೀಡ್ ಇದೆ. ಪ್ರಚಲಿತ ವಿದ್ಯಮಾನ ಓದುವ ಸಪ್ತಾಪುರದ ಹುಡುಗರಿಗೆ ಕೇಂದ್ರ ಸರ್ಕಾರದ ವಾರ್ತಾ ಶಾಖೆಯಾದ ಪಿಐಬಿಯ ಫೀಡ್ ಇದೆ. ‘ದಿ ಹಿಂದೂ’ ಪತ್ರಿಕೆಯದು ಕರ್ನಾಟಕದ ಸುದ್ದಿಗೇ ಬೇರೆ ಫೀಡು. ಗೂಗಲ್ ಅಲರ್ಟ್ಸ್‌ಗೆ ಹೋಗಿ ‘ಹುಬ್ಬಳ್ಳಿ’ ಎಂದು ಬರೆದು, ಈಮೇಲ್ ಬದಲು ಫೀಡ್ ಎಂದು ಆರಿಸಿದರೆ ಊರಿನ ಹೆಸರು ಬಂದ ಹೊಸ ಪುಟಗಳು ಪಟ್ಟಿಗೆ ಬರುತ್ತವೆ. ಇನ್ನು ‘ನಾವು ಈ ಫೀಡು ಗೀಡು ನೋಡಿದವರಲ್ಲ’ ಎಂದು ಮೂಗು ಮುರಿಯುತ್ತ, ಕಿವಿಗೆ ವೈರು ಸಿಕ್ಕಿಸಿಕೊಂಡು ನೃಪತುಂಗ ಬೆಟ್ಟ ಹತ್ತುವವರಿಗೆ ಒಂದು ಮಾತು. ಪಾಡ್‌ಕಾಸ್ಟ್ ಎಂಬುದು ಬೆಳೆದದ್ದೇ ಈ ಫೀಡಿನ ಬೆನ್ನ ಮೇಲೆ. ನೀವು ಕೇಳುವ ‘ತಲೆ-ಹರಟೆ’ಯೂ ಆ ದಾರಿಯಲ್ಲೇ ಬಂದು ನಿಮ್ಮ ಕಿವಿ ಸೇರಿದ್ದು.

ಎಲ್ಲೆಡೆಯೂ ಇದು ನಡೆಯುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ತಮ್ಮ ಅಂಗಳದ ಸುದ್ದಿಯನ್ನು ಫೀಡಾಗಿ ಹೊರಗೆ ಬಿಡುವುದಿಲ್ಲ. ನೀವೇ ಅಲ್ಲಿಗೆ ಹೋಗಿ ಜಾಹೀರಾತು ನೋಡಬೇಕೆಂಬುದು ಅವರ ಹಟ. ಫೀಡ್ ಇಡದ ಇಲಾಖೆಗಳೂ ಪತ್ರಿಕೆಗಳೂ ಇವೆ. ಅಂಥ ಪುಟಗಳನ್ನು ಕಾಯಲು ಬೇರೆ ಸೇವೆಗಳಿವೆ. ಪುಟ ಬದಲಾದ ಕೂಡಲೇ ‘ಬದಲಾತು’ ಎಂದು ತಿಳಿಸುತ್ತವೆ. ಸಪ್ತಾಪುರದ ಆ ಹುಡುಗನಿಗೆ ಅದೂ ಬೇಕಾದೀತು. ಮತ್ತೆ, ಫೀಡಿಗೆ ಅವಸರ ಗೊತ್ತಿಲ್ಲ. ಅದು ತನ್ನ ಹೊತ್ತಿಗೆ ಹೋಗಿ ನೋಡಿ ಬರುತ್ತದೆ. ಕ್ರಿಕೆಟ್ ಸ್ಕೋರಿಗೂ ರೈಲು ಈಗ ಎಲ್ಲಿದೆ ಎಂಬುದಕ್ಕೂ ಇದನ್ನು ನಂಬಿ ಕೂತರೆ ಆಟವೂ ಮುಗಿದಿರುತ್ತದೆ, ಗಾಡಿಯೂ ಹೋಗಿರುತ್ತದೆ.

‘ಇಷ್ಟು ಚಲೋ ಇದ್ದದ್ದು ಯಾರಿಗೂ ಯಾಕ ಗೊತ್ತಿಲ್ಲ?’ ಎಂಬುದು ಮಾಸ್ತರರ ಮುಂದಿನ ಪ್ರಶ್ನೆ. ಗೊತ್ತಿತ್ತು. 2005ರಲ್ಲಿ ಗೂಗಲ್ ತನ್ನ ‘ರೀಡರ್’ ತಂದಾಗ ಕಂಪ್ಯೂಟರಿನ ಮಂದಿಯೆಲ್ಲ ಅದರಲ್ಲೇ ಓದುತ್ತಿದ್ದರು. ಬಳಸುವವರು ಕಡಿಮೆಯಾದರು ಎಂದು ಕಂಪನಿ 2013ರ ಜುಲೈ 1ಕ್ಕೆ ಅದರ ಬಾಗಿಲು ಹಾಕಿತು. ಫೈರ್‌ಫಾಕ್ಸ್ 2018ರ ಕೊನೆಗೆ ತನ್ನೊಳಗಿನ ಫೀಡ್ ಸೌಲಭ್ಯ ಕಿತ್ತುಹಾಕಿತು. ಮಂದಿ ಫೀಡೇ ಸತ್ತಿತು ಎಂದುಕೊಂಡರು. ಸತ್ತದ್ದು ಒಂದು ಅಂಗಡಿ; ಫೀಡು ಯಾವ ಕಂಪನಿಯ ಆಸ್ತಿಯೂ ಅಲ್ಲ. ಅವತ್ತು ಬುದ್ಧಿವಂತರು ತಮ್ಮ ಪಟ್ಟಿಯನ್ನು ‘ಓಪಿಎಂಎಲ್’ ಎಂಬ ಒಂದೇ ಕಡತವಾಗಿ ಇಳಿಸಿಕೊಂಡು ಮರುದಿನ ಬೇರೆ ರೀಡರಿನಲ್ಲಿ ಸಂಸಾರ ಹೂಡಿದರು. ನೀವೂ ಆಗಾಗ ಆ ಕಡತ ಇಳಿಸಿ ಇಟ್ಟುಕೊಳ್ಳಿ. ಮನೆ ಬಾಡಿಗೆಯದು, ಸಾಮಾನು ನಿಮ್ಮದು.

ಹೊಸ ಚಂದಾದಾರರಿಗೆ ಒಂದು ರೋಗ ಗ್ಯಾರಂಟಿ, ದುರಾಸೆ. ಸಿಕ್ಕಸಿಕ್ಕ ಪೇಪರಿನ ಫೀಡನ್ನೆಲ್ಲ ಮೊದಲ ದಿನವೇ ತುಂಬಿಬಿಡುತ್ತಾರೆ. ಪೇಪರುಗಳು ದಿನಕ್ಕೆ ನೂರಾರು ಸುದ್ದಿ ಸುರಿಯುತ್ತವೆ. ಲಗ್ನದ ಪಂಕ್ತಿಯಲ್ಲಿ ಮೊದಲು ಬಡಿಸಿದ ಅನ್ನಕ್ಕೇ ಹೊಟ್ಟೆ ತುಂಬಿಸಿಕೊಂಡು ಹೋಳಿಗೆ ಬರುವಾಗ ಎಲೆಗೆ ಕೈ ಅಡ್ಡ ಹಿಡಿಯುವವರ ಗತಿ ಆಗುತ್ತದೆ. ವರ್ಷಕ್ಕೆರಡು ಸಲ ಬರೆಯುವ ಆ ಬ್ಲಾಗಿನವರ ಬರಹ ಬಂದದ್ದೇ ಕಾಣುವುದಿಲ್ಲ. ಫೀಡಿನ ನಿಜವಾದ ಉಪಯೋಗ ಇರುವುದು ಅಪರೂಪಕ್ಕೆ ಬರೆಯುವವರನ್ನು ಹಿಡಿಯಲಿಕ್ಕೆ. ದಿನಾ ಬರುವುದನ್ನು ನೀವು ಹೇಗಿದ್ದರೂ ನೋಡುತ್ತೀರಿ. ಎಂದೋ ಒಮ್ಮೆ ಬರುವುದಕ್ಕೆ ಮರೆವಿಲ್ಲದ ಕಾವಲುಗಾರ ಬೇಕು. ಅದಕ್ಕೇ ಅಪರೂಪದವರಿಗೊಂದು ಫೋಲ್ಡರು, ಗದ್ದಲದವರಿಗೊಂದು ಫೋಲ್ಡರು ಮಾಡಿ. ಗದ್ದಲದವರದು ಗುಡ್ಡೆ ಬಿದ್ದರೆ ‘ಎಲ್ಲ ಓದಿಯಾಯಿತು’ ಎಂಬ ಗುಂಡಿ ಒತ್ತಿಬಿಡಿ. ಪಾಪ ಬರುವುದಿಲ್ಲ.

ಮಾಸ್ತರರು ಕೊನೆಗೆ ಹಚ್ಚಿಕೊಂಡರು. ಬೆಳಿಗ್ಗೆ ಅರ್ಧ ತಾಸಿನಲ್ಲಿ ಪಟ್ಟಿ ಮುಗಿಯುತ್ತದೆ. ಮುಗಿದ ಮೇಲೆ ಕೈ ಖಾಲಿ. ಹೀಗಾಗಿ ವೈನಿಯವರು ಕೈಗೆ ಚೀಲ ಕೊಟ್ಟು ಕಾಯಿಪಲ್ಲೆಗೆ ಕಳಿಸುತ್ತಾರೆ. ‘ಇದೊಂದು ಲುಕ್ಸಾನ ನೀ ಮೊದಲ ಹೇಳಲಿಲ್ಲ’ ಎಂದು ನನ್ನ ಮೇಲೆ ಸಿಟ್ಟಾಗಿದ್ದಾರೆ. ಲುಕ್ಸಾನವಲ್ಲ, ಇದರ ದೊಡ್ಡ ಲಾಭವೇ ಅದು. ಮೊಬೈಲಿನ ಉಳಿದ ಸುದ್ದಿಗೆಲ್ಲ ತುದಿಯಿಲ್ಲ. ಬೆರಳು ಸವೆಯುವವರೆಗೆ ಎಳೆದರೂ ಕೆಳಗೆ ಇನ್ನಷ್ಟು ಇರುತ್ತದೆ. ಫೀಡಿನ ಪಟ್ಟಿಗೆ ಕೊನೆಯ ಸಾಲು ಎಂಬುದಿದೆ.

ಇನ್ನು ಅವಳಿ ನಗರದ ಕಾಲೇಜು, ಸಂಘ, ಪ್ರಕಾಶನ, ಕಚೇರಿಗಳ ಜಾಲತಾಣ ನೋಡಿಕೊಳ್ಳುವವರಿಗೆ ಒಂದು ವಿನಂತಿ. ನಿಮ್ಮದು ವರ್ಡ್‌ಪ್ರೆಸ್ ಆಗಿದ್ದರೆ ಫೀಡ್ ಆಗಲೇ ಇದೆ. ಅದನ್ನು ಮುಚ್ಚಬೇಡಿ, ಆ ಕಿತ್ತಳೆ ಗುರುತನ್ನು ಕಣ್ಣಿಗೆ ಕಾಣುವಲ್ಲಿ ಇಡಿ. ಕಾರ್ಯಕ್ರಮ ಮುಗಿದ ಮೇಲೆ ಆಮಂತ್ರಣ ಓದುವ ಯೋಗ ನಮಗೆ ಸಾಕಾಗಿದೆ. ಓದುಗರಿಗೆ ಹೇಳುವುದು ಇಷ್ಟೇ: ಇವತ್ತು ಬೇರೇನೂ ಮಾಡಬೇಡಿ, ಒಂದು ರೀಡರ್ ಹಾಕಿಕೊಂಡು, ನೀವು ಮನಸಾರೆ ಓದುವ ಐದು ಜಾಲತಾಣಗಳನ್ನು ಮಾತ್ರ ಸೇರಿಸಿ, ಒಂದು ವಾರ ನೋಡಿ. ಸರಿ ಬರದಿದ್ದರೆ ಅಳಿಸಿಬಿಡಿ. ಚಂದಾ ವಾಪಸು ಕೇಳುವ ಹಾಗಿಲ್ಲ, ಕೊಟ್ಟಿದ್ದರಲ್ಲವೇ ಕೇಳುವುದು!